ಹೊಟ್ಟೆ ಬಂದ ಕೌದಿ

"ಇದು ಕೌದಿನಾ, ಎಂಟು ತಿಂಗಳ ಬಸುರಾ?" ಎಂದು ಹೊಲಿಗೆಮನೆಯ ಒಡತಿ ದೊಡ್ಡಕ್ಕ ಕೇಳಿದಳು.

ಉದ್ದ ಮೇಜಿನ ಮೇಲೆ ಹಾಸಿದ್ದ ಕೌದಿಯ ನಡುಭಾಗ ನಿಜಕ್ಕೂ ಉಬ್ಬಿತ್ತು. ಗಿರಾಕಿ ಅಂಗೈಯಿಂದ ಅದನ್ನು ಒತ್ತಿದ. ಒತ್ತಿದ ಕಡೆ ತಗ್ಗಿ ಪಕ್ಕದಲ್ಲಿ ಎದ್ದಿತು. ಇನ್ನೊಂದು ಕೈಯಿಂದ ಪಕ್ಕವನ್ನೂ ಒತ್ತಿದ. ಮೂರನೆಯ ಕಡೆ ಎದ್ದಿತು. ಅವನಿಗೆ ನಗು ಬಂತು. ಗಿರಾಕಿಗೆ ಸಿಟ್ಟು ಬಂದಿದ್ದರೆ ದೊಡ್ಡಕ್ಕ ಹೇಗಾದರೂ ಸಮಾಧಾನ ಮಾಡುತ್ತಿದ್ದಳು. ನಗುವಿಗೆ ಅವಳ ಹತ್ತಿರ ಮದ್ದಿರಲಿಲ್ಲ.

"ಯಾರು ಜೋಡಿಸಿದ್ದು ಇದನ್ನ?" ಎಂದಳು, ಗೊತ್ತಿದ್ದೂ.

ಹದಿನಾಲ್ಕು ಹೆಂಗಸರ ಯಂತ್ರಗಳು ಒಂದೊಂದಾಗಿ ನಿಂತವು. ಆ ಕೋಣೆಯಲ್ಲಿ ಕೂತು ಹೊಲಿಯುವ ಗಂಡಸು ಒಬ್ಬನೇ. ಅವನನ್ನು ಎಲ್ಲರೂ ಕಾಲಿಂಚು ಎಂದು ಕರೆಯುತ್ತಿದ್ದರು. ತುಂಡುಗಳನ್ನು ಕೂಡಿಸುವಾಗ ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯಬೇಕು ಎನ್ನುವುದು ಆ ಕೆಲಸದ ಮೊದಲ ಪಾಠ. ಉಳಿದವರು ಯಂತ್ರದ ಮೇಲೆ ಬಣ್ಣದ ಪಟ್ಟಿ ಅಂಟಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಹೊಲಿಯುತ್ತಿದ್ದರೆ ಇವನು ಕಿಟಕಿಯಾಚೆ ನೋಡುತ್ತ ಹೊಲಿದರೂ ಕಾಲು ಇಂಚು ಕಾಲು ಇಂಚೇ ಆಗಿರುತ್ತಿತ್ತು.

"ನಾನು," ಎಂದ.

"ನೀನು. ಅಳತೆ ಅಂದ್ರೆ ಏನು ಅಂತ ಗೊತ್ತೇನೋ ನಿಂಗೆ? ಏಳನೇ ಕ್ಲಾಸಲ್ಲಿ ಪಾಟಿಚೀಲ ಎಸೆದು ಬಂದೋನಿಗೆ ಲೆಕ್ಕ ಎಲ್ಲಿಂದ ಬರ್ಬೇಕು! ಕೈ ಚೆನ್ನಾಗಿದೆ, ಕೈ ಚೆನ್ನಾಗಿದೆ ಅಂತ ತಲೆ ಮೇಲೆ ಕೂರಿಸ್ಕೊಂಡೆ. ಬರೀ ಕೈ ಇದ್ರೆ ಸಾಕಾ? ಕತ್ತಿನ ಮೇಲೆ ಒಂದು ತಲೆನೂ ಬೇಕಲ್ಲ." ಅವಳು ಗಿರಾಕಿಯ ಕಡೆ ತಿರುಗಿದಳು. "ಇವನಿಗೇ ಸಾರ್, ಮಾದರಿ ಮೇಜು ಕೊಡ್ಬೇಕು ಅಂತಿದ್ದೆ. ಇವನನ್ನ ನೋಡಿ ಎಲ್ಲರೂ ಕಲೀಲಿ ಅಂತ. ಕಲಿತಿದ್ರೆ ಮುಗೀತಿತ್ತು, ಮನೆಮನೆ ಮಂಚಾನೂ ಬಸುರಿ ಆಗ್ತಿತ್ತು!"

ಕೆಲವರು ನಕ್ಕರು. ಇಸ್ತ್ರಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಾಲಿಂಚುವಿನ ಕಿವಿ ಬಿಸಿಯಾಗಿ, ಆ ಬಿಸಿ ಕುತ್ತಿಗೆಗೆ ಇಳಿಯಿತು. ಅವನು ಕಿಟಕಿಯ ಪಕ್ಕದ ಕತ್ತರಿಸುವ ಮೇಜಿನ ಕಡೆ ನೋಡಿದ. ಅಲ್ಲಿ ಅವನ ಅಮ್ಮ ನಿಂತಿದ್ದಳು. ಅವಳು ಮಗನನ್ನು ನೋಡುತ್ತಿರಲಿಲ್ಲ. ಕತ್ತರಿಯ ಅಲಗನ್ನು ಚಿಂದಿಯೊಂದರಿಂದ ಒರೆಸುತ್ತಿದ್ದಳು. ಅಲಗು ಮೊದಲೇ ಹೊಳೆಯುತ್ತಿತ್ತು.

"ಶುಕ್ರವಾರ ಬರ್ತೀನಿ," ಎಂದು ಗಿರಾಕಿ ಚೀಲ ಎತ್ತಿಕೊಂಡ. "ಮಲಗಿರೋ ಕೌದಿ ತೋರ್ಸಿ ದೊಡ್ಡಕ್ಕ. ಎದ್ದು ಕೂತಿರೋದು ಬೇಡ."

ಅವನ ಬೂಟಿನ ಸದ್ದು ಮೆಟ್ಟಿಲು ಇಳಿದ ಮೇಲೆ ದೊಡ್ಡಕ್ಕ ಕೌದಿಯನ್ನು ಎತ್ತಿ ಕಾಲಿಂಚುವಿನ ಮಡಿಲಿಗೆ ಹಾಕಿದಳು. "ಬಿಚ್ಚು. ತಪ್ಪು ಎಲ್ಲಿದೆ ಅಂತ ಹುಡುಕು. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಹೇಳು. ಅದುವರೆಗೂ ಮಾದರಿ ಮೇಜಿನ ಮಾತು ಎತ್ಬೇಡ."

ಮಾದರಿ ಮೇಜೆಂದರೆ ಬಾಗಿಲ ಬಲಕ್ಕೆ, ಬೆಳಕು ಚೆನ್ನಾಗಿ ಬೀಳುವ ಜಾಗದಲ್ಲಿ ಹಾಕಿದ್ದ ಹೊಸ ಮೇಜು. ಅದರ ಮುಂದೆ ಇನ್ನೂ ಯಾರೂ ಕೂತಿರಲಿಲ್ಲ. ಒಂದೊಂದು ಬಗೆಯ ಹೊಲಿಗೆಗೂ ಒಂದೊಂದು ಚೌಕವನ್ನು ಅಲ್ಲಿ ಒಬ್ಬರೇ ಮಾಡಿಡಬೇಕು, ಉಳಿದವರು ಅದನ್ನು ನೋಡಿ ಹೊಲಿಯಬೇಕು, ಹೊಸಬರು ಬಂದರೆ ಅವರಿಗೆ ಅಲ್ಲೇ ಪಾಠ. ಆರು ತಿಂಗಳಿಂದ ಕಾಲಿಂಚು ಆ ಮೇಜಿನ ಕನಸು ಕಾಣುತ್ತಿದ್ದ. ತನ್ನ ಕುರ್ಚಿಯಿಂದ ಅದರ ಕಡೆ ನೋಡುವುದಕ್ಕೂ ಸಂಕೋಚಪಡುತ್ತಿದ್ದ. ಮಾಸ್ತರನ ಮುಂದೆ ತಲೆ ತಗ್ಗಿಸಿ ನಿಂತು ಶಾಲೆ ಬಿಟ್ಟವನಿಗೆ ಯಾರಾದರೂ ತನ್ನ ಮುಂದೆ ಕೂತು ಕಲಿಯುತ್ತಾರೆಂದರೆ ಏನೆನ್ನಿಸುತ್ತದೆ ಎಂಬುದು ದೊಡ್ಡಕ್ಕನಂಥವರಿಗೆ ಹೇಳಿದರೂ ತಿಳಿಯುವುದಿಲ್ಲ.

ಶಾಲೆಯನ್ನಾದರೂ ಅವನು ಎಸೆದು ಬಂದವನಲ್ಲ. ಆ ವರ್ಷ ಅಮ್ಮನ ಬೆನ್ನು ಹಿಡಿದುಕೊಂಡಿತ್ತು. ಒಪ್ಪಿಕೊಂಡಿದ್ದ ಕೌದಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವಳು ಮಲಗಿದಲ್ಲಿಂದಲೇ ಹೇಳುತ್ತಾ ಹೋದಳು, ಅವನು ಪಕ್ಕದಲ್ಲಿ ಕೂತು ಹೊಲಿಯುತ್ತಾ ಹೋದ. ಕೈಹೊಲಿಗೆಯಲ್ಲಿ ತುಂಡಿಗೆ ತುಂಡು ಕೂಡಿಸುವುದು, ಬಾಗಿದ ಅಂಚಿಗೆ ಬಾಗಿದ ಅಂಚನ್ನು ಗುಂಡುಸೂಜಿಯಿಲ್ಲದೆ ಒಲಿಸಿಕೊಳ್ಳುವುದು, ಮೇಲೆ ಇಟ್ಟ ಎಲೆಯಾಕಾರದ ತುಂಡನ್ನು ಹೊಲಿಗೆ ಕಾಣದ ಹಾಗೆ ಕೂರಿಸುವುದು, ಎಲ್ಲ ಕಲಿತದ್ದು ಆ ಹಾಸಿಗೆಯ ಪಕ್ಕದಲ್ಲಿ. "ಬಟ್ಟೆ ಜೊತೆ ಜಗಳ ಆಡ್ಬೇಡ. ಹೆಚ್ಚಿದ್ರೆ ಬೆರಳಲ್ಲೇ ಪುಸಲಾಯಿಸು, ಒಳಗೆ ಹೋಗುತ್ತೆ," ಎನ್ನುತ್ತಿದ್ದಳು. ಬೆನ್ನು ಸರಿಹೋಗುವ ಹೊತ್ತಿಗೆ ಪರೀಕ್ಷೆ ಮುಗಿದುಹೋಗಿತ್ತು. ಮತ್ತೆ ಶಾಲೆಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಅವನು ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕೂತ. ಮೂರು ಹೊಲಿಗೆಗೊಂದರಂತೆ ದಾರ ಕಡಿದು, ಹಿಂಬದಿಯಿಂದ ಎಳೆದರೆ ಇಡೀ ಸಾಲು ಸರ್ರನೆ ಬಿಟ್ಟುಕೊಳ್ಳುತ್ತದೆ. ಹನ್ನೆರಡು ದಿನದ ಕೆಲಸದಲ್ಲಿ ಚೌಕಕ್ಕೆ ಚೌಕ ಕೂಡಿಸಿದ ಸಾಲುಗಳಷ್ಟನ್ನು ಬಿಚ್ಚಲು ಒಂದು ಬೆಳಿಗ್ಗೆ ಸಾಕಾಯಿತು.

ಮೊದಲು ಅನುಮಾನ ಬಿದ್ದದ್ದು ಇಸ್ತ್ರಿಯ ಮೇಲೆ. ಕೌದಿಯ ಚೌಕವನ್ನು ಇಸ್ತ್ರಿಯಲ್ಲಿ ಒತ್ತಬೇಕೇ ಹೊರತು ಎಳೆಯಬಾರದು. ಎಳೆದರೆ ಓರೆಯಾಗಿ ಕತ್ತರಿಸಿದ ಅಂಚು ಹಿಗ್ಗುತ್ತದೆ.

"ನೀನು ಎಳೆದಿದೀಯ," ಎಂದ ಇಸ್ತ್ರಿಯವಳಿಗೆ.

"ಲೋ, ಬಾಯಿ ನೆಟ್ಟಗಿರ್ಲಿ!" ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟಳು. "ಒತ್ತೋದು ಯಾವುದು, ಎಳೆಯೋದು ಯಾವುದು ಅಂತ ನಂಗೆ ಹೇಳ್ಕೊಡ್ತೀಯಾ? ನನ್ನ ಗಂಡನ್ನ ಹದಿನೆಂಟು ವರ್ಷದಿಂದ ಒತ್ತಿಟ್ಟಿದೀನಿ, ಒಂದು ನೂಲು ಹಿಗ್ಗಿಲ್ಲ."

ಪಕ್ಕದ ಯಂತ್ರದವಳು ನಗು ತಡೆಯಲಾರದೆ ಕೆಮ್ಮಿದಳು. ಕಾಲಿಂಚುವಿಗೂ ಒಂದು ಕ್ಷಣ ನಗು ಬಂತು. ಬೆಳಗಿನ ಮಾತು ನೆನಪಾಗಿ ಹಾರಿಹೋಯಿತು.

ಅವನು ಚೌಕಗಳನ್ನು ಬಗೆ ಬಗೆಯಾಗಿ ವಿಂಗಡಿಸಿದ. ನಡುವಿನ ಒಂದು ಬಣ್ಣದ ಸುತ್ತ ಪಟ್ಟಿಗಳನ್ನು ಸುತ್ತಿಸಿದ ಚೌಕಗಳು ಅಳತೆಗೆ ಸರಿಯಾಗಿದ್ದವು. ಕಾಗದದ ಮೇಲೆ ಗೆರೆ ಎಳೆದು, ಆ ಗೆರೆಯ ಮೇಲೆಯೇ ಹೊಲಿದು ಆಮೇಲೆ ಕಾಗದ ಹರಿದ ಚೌಕಗಳೂ ಸರಿಯಾಗಿದ್ದವು. ಅವಕ್ಕೆ ಕಾಗದವೇ ಅಳತೆ, ತಪ್ಪುವ ಮಾತೇ ಇಲ್ಲ. ಬಾಗು ಹೊಲಿಗೆಯ ನಾಲ್ಕೂ ಸರಿ. ಉಳಿದದ್ದು ನಡುವಿನ ನಕ್ಷತ್ರ. ಹದಿನಾರು ಚೌಕ, ಒಂದೊಂದರಲ್ಲೂ ಎಂಟು ತ್ರಿಕೋನ. ನಕ್ಷತ್ರದ ಒಂದು ಚೌಕವನ್ನು ತೆಗೆದು ಪಟ್ಟಿ ಚೌಕದ ಮೇಲಿಟ್ಟ. ಎರಡು ಬದಿಯಲ್ಲಿ ಉಗುರಿನಷ್ಟು ಹೊರಗೆ ಚಾಚಿತು. ಇನ್ನೊಂದನ್ನಿಟ್ಟ. ಅದು ಸರಿಯಿತ್ತು. ಮೂರನೆಯದು ಒಂದಿಷ್ಟೇ ಹೆಚ್ಚು.

ಅವನೇ ಹೊಲಿದ ಚೌಕಗಳು ಅವು. ಹೊಲಿದ ಮೇಲೆ ಅಳೆದು, ಹೆಚ್ಚಾದ ಅಂಚನ್ನು ಕತ್ತರಿಸಿ ಸವರಬೇಕಿತ್ತು. ಕೋರ್ಸಿನವಳು ಹಾಗೇ ಮಾಡುತ್ತಿದ್ದಳು. ಎಲ್ಲೋ ಆರು ತಿಂಗಳ ತರಬೇತಿ ಮುಗಿಸಿ ಬಂದಿದ್ದ ಹುಡುಗಿ ಅವಳು. ಪಾರದರ್ಶಕ ಸ್ಕೇಲೊಂದನ್ನು ಕೈಬಿಡದೆ ಒಂದೊಂದು ಚೌಕವನ್ನೂ ಅಳೆದು ಸವರುವುದನ್ನು ನೋಡಿ ಕಾಲಿಂಚು ಮೂಗು ಮುರಿಯುತ್ತಿದ್ದ. ಅವನು ಸವರುತ್ತಿರಲಿಲ್ಲ. ಅಮ್ಮ ಕತ್ತರಿಸಿದ್ದನ್ನು ಅಳೆಯುವುದೆಂದರೆ ಅಮ್ಮ ಬಡಿಸಿದ ಊಟವನ್ನು ತಕ್ಕಡಿಗೆ ಹಾಕಿದ ಹಾಗೆ ಎಂದು ಅವನ ಭಾವನೆ. ಜೋಡಿಸುವಾಗ ಅಂಚು ಕೊಂಚ ಹೆಚ್ಚು ಬಂದದ್ದು ಅವನ ಬೆರಳಿಗೆ ತಿಳಿದಿತ್ತು. ಇಸ್ತ್ರಿಗೆ ಹಿಗ್ಗಿರಬೇಕು ಎಂದುಕೊಂಡು ಪುಸಲಾಯಿಸಿ ಒಳಗೆ ಸೇರಿಸಿದ್ದ. ಮೂಲೆಗೆ ಮೂಲೆ ಕೂಡಿತ್ತು, ಒಂದು ನೆರಿಗೆಯೂ ಬಿದ್ದಿರಲಿಲ್ಲ. ಕೈ ಬಾರದವರು ಹೊಲಿದಿದ್ದರೆ ಎರಡನೇ ಸಾಲಿಗೇ ಮೂಲೆ ತಪ್ಪಿ, ಎಲ್ಲರಿಗೂ ಅಂದೇ ಗೊತ್ತಾಗುತ್ತಿತ್ತು. ಇವನ ಕೈ ಅಷ್ಟು ಚೆನ್ನಾಗಿದ್ದದ್ದಕ್ಕೇ ತಪ್ಪು ಕೊನೆಯವರೆಗೂ ಅಡಗಿ ಕೂತು ಗಿರಾಕಿಯ ಮುಂದೆ ಎದ್ದಿತು.

ಅಮ್ಮ ನೀರು ಕುಡಿಯಲು ಹೋದಾಗ ಅವನು ಕತ್ತರಿಸುವ ಮೇಜಿಗೆ ಹೋದ. ಮುಂದಿನ ಕೌದಿಗೆಂದು ಕತ್ತರಿಸಿಟ್ಟ ತ್ರಿಕೋನಗಳು ತಟ್ಟೆಯಲ್ಲಿದ್ದವು. ಮೊದಲು ಕತ್ತರಿಸಿದ ನೀಲಿ ಕೆಳಗೆ, ಆಮೇಲಿನ ಇಟ್ಟಿಗೆ ಬಣ್ಣ ಅದರ ಮೇಲೆ, ಕೊನೆಯ ಸಾಸಿವೆ ಬಣ್ಣ ಎಲ್ಲಕ್ಕಿಂತ ಮೇಲೆ. ಮೂರು ಬಣ್ಣವನ್ನೂ ಒಟ್ಟಿಗೆ ಎತ್ತಿ, ಒಂದು ಮೂಲೆ ಸರಿಹೊಂದಿಸಿ ಮೇಜಿನ ಮೇಲೆ ನಿಲ್ಲಿಸಿದ. ಅಂಚು ಗೋಡೆಯಂತೆ ನೆಟ್ಟಗಿರಬೇಕಿತ್ತು. ಅದು ನೆಟ್ಟಗಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದು ನೂಲು, ಒಂದೊಂದು ನೂಲು ಹೊರಗೆ ಬಾಗುತ್ತ ಹೋಗಿತ್ತು.

ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ತ್ರಿಕೋನಕ್ಕೆಂದು ತಗಡಿನ ಅಚ್ಚು ಇದೆ. ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ನಾಲ್ಕು ಪದರ ಒಟ್ಟಿಗೆ ಕತ್ತರಿಸಬೇಕು. ಪ್ರತಿ ಸಲವೂ ತಗಡನ್ನೇ ಇಡಬೇಕು. ಹಾಗೆ ಮಾಡದೆ, ಈಗ ತಾನೇ ಕತ್ತರಿಸಿದ ತುಂಡನ್ನೇ ಅಚ್ಚು ಮಾಡಿಕೊಂಡು ಮುಂದಿನದನ್ನು ಕತ್ತರಿಸಿದರೆ, ಗೆರೆಯ ದಪ್ಪದಷ್ಟು ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಹತ್ತರವರೆಗೆ ಕಣ್ಣಿಗೆ ಕಾಣುವುದಿಲ್ಲ. ಮೂವತ್ತರ ಹೊತ್ತಿಗೆ ಹೊಟ್ಟೆ ಬರುತ್ತದೆ. ಹೊಸಬರಿಗೆ ಮೊದಲ ದಿನವೇ ಅಮ್ಮ ಹೇಳುವ ಬುದ್ಧಿಮಾತು ಅದು.

ತಗಡಿನ ಅಚ್ಚು ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿತ್ತು. ಬೆರಳು ಸವರಿದ. ಅಂಚಿನಲ್ಲಿ ಸೀಮೆಸುಣ್ಣದ ಕುರುಹಿರಲಿಲ್ಲ. ಧೂಳಿತ್ತು. ಅಮ್ಮ ಕತ್ತರಿಸುವ ಸದ್ದು ಅವನಿಗೆ ಚಿಕ್ಕಂದಿನಿಂದ ಬಾಯಿಪಾಠ: ಹಲಗೆಯ ಮೇಲೆ ತಗಡು ಟಕ್ ಎನ್ನುವುದು, ಸುಣ್ಣದ ಪರಪರ, ಆಮೇಲೆ ಕತ್ತರಿ. ಎಷ್ಟು ದಿನದಿಂದ ಆ ಟಕ್ ಕೇಳಿಲ್ಲ ಎಂದು ಅವನು ಯೋಚಿಸಿದ. ಯಂತ್ರಗಳ ಗದ್ದಲದಲ್ಲಿ ಗಮನಕ್ಕೇ ಬಂದಿರಲಿಲ್ಲ.

ಮಧ್ಯಾಹ್ನ ಅಮ್ಮ ಮಗ ಇಬ್ಬರೂ ಎಂದಿನಂತೆ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂತರು. ಅವನು ತುತ್ತು ಎತ್ತಲಿಲ್ಲ.

"ಅಮ್ಮ, ತಗಡು ಯಾಕೆ ಮುಟ್ತಿಲ್ಲ?"

ಅವಳು ತಿನ್ನುತ್ತಲೇ ಇದ್ದಳು. "ಜಾರುತ್ತೆ," ಎಂದಳು.

"ಜಾರುತ್ತೆ ಅಂದ್ರೆ?"

"ಹೆಬ್ಬೆರಳಲ್ಲಿ ಬಲ ಇಲ್ಲ ಕಣೋ. ತಗಡು ಒತ್ತಿ ಹಿಡ್ಕೊಳ್ಳೋಕಾಗಲ್ಲ. ಬಟ್ಟೆ ಮೇಲೆ ಬಟ್ಟೆ ಇಟ್ರೆ ಕಚ್ಕೊಂಡಿರುತ್ತೆ. ನಾಲ್ಕೈದು ಸಲಕ್ಕೊಂದು ಸಲ ತಗಡಿಗೆ ಹಿಡಿದು ನೋಡೋಣ ಅಂತಲೇ ಇದ್ದೆ. ಮರೆತುಹೋಗ್ತಿತ್ತು." ಎಡಗೈಯನ್ನು ಚಾಚಿದಳು. ಹೆಬ್ಬೆರಳ ಬುಡ ಊದಿ ಗಂಟಾಗಿತ್ತು. ದಿನಾ ಜೊತೆಯಲ್ಲಿ ಉಣ್ಣುವವನು ಅದನ್ನು ನೋಡಿರಲಿಲ್ಲ.

"ಬೆಳಿಗ್ಗೆ ಅವಳು ಅಷ್ಟು ಅಂದಳಲ್ಲ. ನಿಂಗೆ ಆಗಲೇ ಗೊತ್ತಿತ್ತು."

"ಗೊತ್ತಿತ್ತು."

"ಕತ್ತರಿ ಒರೆಸ್ತಾ ನಿಂತಿದ್ದೆ."

"ಇನ್ನೇನು ಮಾಡ್ಲಿ? ಗಿರಾಕಿ ಮುಂದೆ ನನ್ನ ಕೈ ಬಿತ್ತು ಅಂತ ಡಂಗುರ ಹೊಡೀಲಾ? ಕೈಹೊಲಿಗೆ ಅಜ್ಜಿಗೆ ಏನು ಮಾಡಿದ್ರು ನೋಡಿದೀಯಲ್ಲ. ಕೈ ನಡುಗ್ತು ಅಂತ ಗೊತ್ತಾದ ವಾರಕ್ಕೇ ಒಂದು ಗೋಡೆ ಗಡಿಯಾರ ಕೊಟ್ಟು, ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿದ್ರು. ಕತ್ತರಿಸೋ ಮಿಷಿನ್ನು ತರಿಸ್ತೀನಿ ಅಂತ ದೊಡ್ಡಕ್ಕ ಆಗಲೇ ಕುಣೀತಿದಾಳೆ. ನಂಗೂ ಒಂದು ಗಡಿಯಾರ ಬೇಕಾ?"

ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯನ್ನು ಯಾರ ಮೇಲೆ ಸುರಿಯಬೇಕೋ ಅವಳು ಎದುರಿಗೇ ಕೂತು ಊದಿದ ಕೈಯಲ್ಲಿ ಅವನ ಡಬ್ಬಿಗೆ ಪಲ್ಯ ಹಾಕುತ್ತಿದ್ದಳು.

"ನನ್ನ ಮೇಜು ಹೋಗುತ್ತೆ ಅಮ್ಮ," ಎಂದ. ಅವನ ದನಿ ಅವನಿಗೇ ಸಣ್ಣ ಮಗುವಿನದರಂತೆ ಕೇಳಿಸಿತು.

ಅಮ್ಮ ಕೈ ಒರೆಸಿಕೊಂಡಳು. "ಹೋಗಲ್ಲ. ನಾಳೆ ನಾನೇ ಹೇಳ್ತೀನಿ. ನನ್ನ ಬಾಯಲ್ಲೇ ಬಂದ್ರೆ ಒಂದು ತೂಕ. ನೀನು ಹೇಳಿದ್ರೆ ಹೆತ್ತವಳ ಮೇಲೆ ಹಾಕಿದ ಅಂತಾರೆ. ನೀನು ತುಟಿ ಪಿಟಕ್ ಅನ್ಬೇಡ. ಕೇಳಿಸ್ತಾ?"

"ನೀನೇ ಹೇಳ್ತೀಯಾ?"

"ಹೇಳ್ತೀನಿ ಅಂದ್ನಲ್ಲ. ಉಣ್ಣು."

ಅವನು ಉಂಡ. ಮಧ್ಯಾಹ್ನವೆಲ್ಲ ನಕ್ಷತ್ರದ ಹದಿನಾರು ಚೌಕಗಳನ್ನೂ ಸವರಿ ಅಳತೆಗೆ ತಂದ. ಕೋರ್ಸಿನವಳು ಕೇಳದೆಯೇ ತನ್ನ ಸ್ಕೇಲನ್ನು ಅವನ ಮೇಜಿನ ಮೇಲಿಟ್ಟು ಹೋದಳು. ಒಂದೊಂದು ಅಂಚಿನಿಂದ ತೆಳ್ಳನೆಯ ಪಟ್ಟಿಗಳು ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುತ್ತಿದ್ದವು. ಸವರಿದ ಮೇಲೆ ತ್ರಿಕೋನದ ತುದಿಗಳು ಅಂಚಿಗೆ ಬಂದುಬಿಟ್ಟಿದ್ದವು. ಮರಳಿ ಹೊಲಿದಾಗ ಕೆಲವು ನಕ್ಷತ್ರಗಳ ಮೊನೆ ಹೊಲಿಗೆಯೊಳಗೆ ಮುಳುಗಿ ಮೊಂಡಾಯಿತು. ಗಿರಾಕಿಗೆ ತಿಳಿಯುವುದಿಲ್ಲ. ಅವನಿಗೆ ತಿಳಿಯುತ್ತಿತ್ತು. ಆದರೂ ಸಂಜೆ ಯಂತ್ರಕ್ಕೆ ಹೊದಿಕೆ ಹಾಕುವ ಹೊತ್ತಿಗೆ ಅವನ ಮನಸ್ಸು ಒಂದಿಷ್ಟು ಹಗುರಾಗಿತ್ತು. ಮನೆಯಲ್ಲಿ ಅಮ್ಮನ ಹೆಬ್ಬೆರಳಿಗೆ ಎಣ್ಣೆ ತಿಕ್ಕಿದ. ದೊಡ್ಡಕ್ಕನಿಗೆ ಹೇಗೆ ಹೇಳಿದರೆ ಒಳ್ಳೆಯದು ಎಂದು ಅಮ್ಮನೇ ಎರಡು ಸಲ ಅಂದು ತೋರಿಸಿದಳು. ಎರಡನೆಯ ಸಲ ಇಬ್ಬರೂ ನಕ್ಕರು.

ಬೆಳಿಗ್ಗೆ ದೊಡ್ಡಕ್ಕ ಉದ್ದ ಮೇಜಿನ ತುದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಯಂತ್ರಗಳು ನಿಂತವು. ಕೌದಿ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿತ್ತು. ಅವಳು ಅಂಗೈ ಆಡಿಸಿ ನೋಡಿದಳು. ಮುಖದಲ್ಲಿ ಸಮಾಧಾನ ಕಂಡಿತು, ಅದನ್ನು ಒಳಗೆ ಹಾಕಿಕೊಂಡಳು.

"ಹೆರಿಗೆ ಆಯ್ತು ಅನ್ನು. ಈಗ ಹೇಳು, ಏನಾಗಿತ್ತು?"

ಕಾಲಿಂಚು ಅಮ್ಮನ ಕಡೆ ನೋಡಿದ. ಅವಳು ಕತ್ತರಿಸುವ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು.

"ಏನೋ, ನಿನ್ನೇ ಕೇಳ್ತಿರೋದು."

ಅವನು ಸುಮ್ಮನಿದ್ದ. ತುಟಿ ಪಿಟಕ್ ಎನ್ನಬೇಡ ಎಂದಿದ್ದಳಲ್ಲ. ಕೊನೆಗೆ ಕೋರ್ಸಿನವಳು, ಕೈ ಎತ್ತಿ ಮಾತಾಡುವ ಅಭ್ಯಾಸದವಳು, ಅರ್ಧ ಕೈ ಎತ್ತಿದಳು.

"ದೊಡ್ಡಕ್ಕ, ಹೊಲಿಗೆ ಸರಿಯಾಗೇ ಇತ್ತು. ನಾನು ನೋಡಿದೆ. ತ್ರಿಕೋನಗಳೇ ದೊಡ್ಡದಿದ್ವು ಅನ್ಸುತ್ತೆ."

ದೊಡ್ಡಕ್ಕನ ಕಣ್ಣು ನಿಧಾನವಾಗಿ ಕಿಟಕಿಯ ಕಡೆ ಹೊರಳಿತು. ಹದಿನಾಲ್ಕು ಜನರ ಕಣ್ಣೂ ಅವಳ ಹಿಂದೆಯೇ ಹೊರಳಿದವು. ಅಮ್ಮ ಊರಿದ್ದ ಎಡಗೈಯನ್ನು ಮೇಜಿನಿಂದ ತೆಗೆದು ಬೆನ್ನ ಹಿಂದೆ ಹಿಡಿದಳು. ಒಂದು ಹೆಜ್ಜೆ ಮುಂದೆ ಬಂದಳು.

"ತಪ್ಪಾಯ್ತು ದೊಡ್ಡಕ್ಕ," ಎಂದಳು.

ಕಾಲಿಂಚು ಹಿಡಿದಿದ್ದ ಉಸಿರು ಬಿಟ್ಟ.

"ಚಿಕ್ಕವನು, ದುಡುಕು," ಎಂದಳು ಅಮ್ಮ. "ಕತ್ತರಿಸಿದ ತುಂಡು ಅಂದ್ಮೇಲೆ ಒಂದು ನೂಲು ಹೆಚ್ಚು, ಒಂದು ನೂಲು ಕಮ್ಮಿ ಇದ್ದೇ ಇರುತ್ತೆ. ಹೊಲಿದಾದ್ಮೇಲೆ ಅಂಚು ಸವರ್ಬೇಕು ಕಣೋ, ಸವರ್ಬೇಕು ಕಣೋ ಅಂತ ಸಾವಿರ ಸಲ ಹೇಳಿದೀನಿ. ಕಿವಿಗೆ ಹಾಕ್ಕೊಳ್ಳಲ್ಲ. ತನ್ನ ಕೈ ಮೇಲೆ ಅಷ್ಟು ಜಂಬ ಇವನಿಗೆ. ಇದೊಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ. ಹೆತ್ತವಳು ನಾನು ಕೇಳ್ಕೋತಿದೀನಿ."

ಹೇಳುತ್ತಿದ್ದ ಹಾಗೆ ಅವಳ ದನಿ ತುಂಬಿ ಬಂತು. ಅದು ನಟನೆಯಾಗಿರಲಿಲ್ಲ. ಇಸ್ತ್ರಿಯವಳು ಅಯ್ಯೋ ಪಾಪ ಎಂದು ಲೊಚಗುಟ್ಟಿದಳು. ಯಾರೋ ಹಿಂದಿನಿಂದ, "ಎಂಥ ತಾಯಿ ನೋಡು," ಎಂದರು.

"ನೀನ್ಯಾಕಮ್ಮ ಕಣ್ಣೀರು ಹಾಕ್ತೀಯ," ಎಂದಳು ದೊಡ್ಡಕ್ಕ, ದನಿ ಇಳಿಸಿ. "ನಿನ್ನ ಕತ್ತರಿ ನಂಗೆ ಗೊತ್ತಿಲ್ವಾ?" ಆಮೇಲೆ ಅದೇ ಉಸಿರಿನಲ್ಲಿ ಕೋರ್ಸಿನವಳ ಕಡೆ ತಿರುಗಿ, "ನೀನು ನಾಳೆಯಿಂದ ಮಾದರಿ ಮೇಜಿಗೆ ಹೋಗು. ಸ್ಕೇಲು ಹಿಡಿಯೋದಾದ್ರೂ ಕಲೀಲಿ ಇವರು," ಎಂದಳು.

ಕೋರ್ಸಿನವಳು ತಲೆ ತಗ್ಗಿಸಿದಳು. ಅವಳಿಗೆ ಸಂತೋಷವಾದಂತೆ ಕಾಣಲಿಲ್ಲ, ಬೇಡವೆಂದೂ ಅನ್ನಲಿಲ್ಲ.

"ಏನೋ," ದೊಡ್ಡಕ್ಕ ಮತ್ತೆ ಕಾಲಿಂಚುವಿನತ್ತ ನೋಡಿದಳು. "ಬಾಯಿಗೂ ಹೊಲಿಗೆ ಹಾಕ್ಕೊಂಡಿದೀಯಾ? ನಿಮ್ಮಮ್ಮ ಹೇಳ್ತಿರೋದು ನಿಜ ತಾನೇ?"

ಅಮ್ಮ ಈಗ ಅವನನ್ನು ನೋಡುತ್ತಿದ್ದಳು. ನಿನ್ನೆ ಬೆಳಗಿನಿಂದ ಜನರೆದುರು ಅವನನ್ನು ನೇರವಾಗಿ ನೋಡಿದ್ದು ಇದೇ ಮೊದಲು. ಕಣ್ಣು ಒದ್ದೆಯಾಗಿತ್ತು. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ತಟ್ಟೆಯಲ್ಲಿ ತ್ರಿಕೋನಗಳು ಹಾಗೇ ಇದ್ದವು. ಎತ್ತಿ ದೊಡ್ಡಕ್ಕನ ಮುಂದೆ ನಿಲ್ಲಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಅವನು ಕತ್ತರಿಸುವ ಮೇಜಿನವರೆಗೆ ನಡೆದ. ಅಮ್ಮ ಅಲುಗಲಿಲ್ಲ. ಅವನು ತಟ್ಟೆಯನ್ನು ದಾಟಿ ಕೈ ಚಾಚಿ, ಮೊಳೆಯಿಂದ ತಗಡಿನ ಅಚ್ಚನ್ನು ತೆಗೆದ. ತನ್ನ ಅಂಗಿಯ ತುದಿಯಿಂದ ಅದರ ಧೂಳು ಒರೆಸಿದ. ಅವಳ ಮುಂದಿನ ಹಲಗೆಯ ಮೇಲಿಟ್ಟ. ಟಕ್ ಎಂದಿತು.

ಆಮೇಲೆ ತನ್ನ ಕುರ್ಚಿಗೆ ಹೋಗಿ ಅಂಗಿಯ ಜೇಬಿಗೆ ಕೊಕ್ಕೆಯನ್ನು ಹಾಕಿಕೊಂಡ. ಕೋರ್ಸಿನವಳ ಸ್ಕೇಲನ್ನು ಹಿಂತಿರುಗಿಸಿದ. ಬಾಗಿಲ ಕಡೆ ನಡೆದ.

"ಲೋ, ಎಲ್ಲಿಗೋ? ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗು!" ದೊಡ್ಡಕ್ಕನ ದನಿ.

"ಇವನ ಕೊಬ್ಬು ನೋಡು," ಎಂದು ಇನ್ಯಾರೋ.

"ಡಬ್ಬಿ ತಗೊಂಡ್ಹೋಗೋ," ಎಂದಳು ಅಮ್ಮ. "ಮಧ್ಯಾಹ್ನಕ್ಕೆ ಏನು ತಿಂತೀಯ?"

ಅವನು ತಿರುಗಲಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ, ನಿನ್ನೆ ಇಬ್ಬರೂ ಕೂತು ಉಂಡಿದ್ದ ಜಾಗದಲ್ಲಿ, ಅವನ ಕಾಲು ತಾನಾಗಿ ನಿಂತಿತು. ಮೇಲೆ ಯಂತ್ರಗಳು ಒಂದೊಂದಾಗಿ ಶುರುವಾದವು. ಅವುಗಳ ನಡುವೆ ಅವನು ಕಿವಿಗೊಟ್ಟ. ಸೀಮೆಸುಣ್ಣದ ಪರಪರ ಅಷ್ಟು ದೂರಕ್ಕೆ ಕೇಳುವಂಥದ್ದಲ್ಲ. ನಾಲ್ಕು ಪದರ ಬಟ್ಟೆಯನ್ನು ಸೀಳಿಕೊಂಡು ಹೋಗುವ ಕತ್ತರಿಯ ಸದ್ದು ಕೇಳಿಸಿತು. ಉದ್ದಕ್ಕೆ, ಎಲ್ಲೂ ತಡೆಯದೆ. ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ತಗಡಿನ ಸದ್ದು ಬರಬೇಕಿತ್ತು. ಅವನು ಗೋಡೆಗೆ ಕೈಯೂರಿ ಕಾದ.

ಮತ್ತೆ ಕತ್ತರಿ. ಮತ್ತೆ ಬಿಡುವು. ಮತ್ತೆ ಕತ್ತರಿ.

ಅವನು ಉಳಿದ ಮೆಟ್ಟಿಲು ಇಳಿದು ಬಿಸಿಲಿಗೆ ಬಂದ.